ಪೆಟ್ಟಿಗೆಯ ಕೀಲಿಕೈ

ಪಾಠಶಾಲೆಯಲ್ಲಿ ಸಂಸ್ಕೃತ ಕಲಿತವನು ಯಂತ್ರಗಳ ಶತ್ರುವಾಗಿಯೇ ಇರತಕ್ಕದ್ದೆಂದು ನಮ್ಮ ಜನರು ಭಾವಿಸಿರುವರು. ನಾನು ಕೆಲಸದಿಂದ ನಿವೃತ್ತನಾಗಿ ಇಜೇರಿಯಲ್ಲಿ ಬಂದು ನೆಲಸಿದಂದಿನಿಂದ, ಮಕ್ಕಳ ಮೇಲಿನ ದೂರನ್ನು ಹೊತ್ತು ನನ್ನ ಬಳಿಗೆ ಬರುವ ತಂದೆತಾಯಿಗಳು ನನ್ನ ಬಾಯಿಂದ ಕೇಳಬಯಸುವದು ಒಂದೇ ಮಾತು: ಮೊಬೈಲಿನಿಂದ ಹುಡುಗರು ಕೆಟ್ಟರು, ಶಾಲೆಯೊಳಗಿನ ಈ ಯಂತ್ರಗಳನ್ನೆಲ್ಲ ಹೊರಗೆ ಹಾಕಬೇಕು. ಅತ್ತ ಕಡೆ ನನಗಿಂತ ಕಿರಿಯರಾದ ಉಪಾಧ್ಯಾಯ ಮಿತ್ರರು, ಬೆಳಗುವ ಹಲಗೆಯೊಂದನ್ನು ಗೋಡೆಗೆ ತೂಗುಹಾಕಿದರೆ ಸಾಕು, ನಮ್ಮ ಭಾಗದ ವಿದ್ಯಾಸಮಸ್ಯೆಯೆಲ್ಲ ಒಂದೇ ವರ್ಷದಲ್ಲಿ ಪರಿಹಾರವಾದೀತೆಂದು ನಂಬಿರುವರು. ಈ ಎರಡು ಪಕ್ಷಗಳ ನಡುವೆ ನಿಂತು ಮಾತನಾಡುವವನಿಗೆ ಎರಡು ಕಡೆಯ ಪೆಟ್ಟೂ ತಪ್ಪಿದ್ದಲ್ಲ. ಆದರೂ ಮೂರು ದಶಕಗಳಿಗೂ ಮಿಕ್ಕಿ ಮಕ್ಕಳ ಮುಂದೆ ನಿಂತವನಾದ್ದರಿಂದ, ನನಗೆ ತೋರಿದ್ದನ್ನು ವಾಚಕರ ಮುಂದಿಡುವ ಧೈರ್ಯ ಮಾಡಿರುವೆನು.

ಮೊದಲು ಪಾಠಶಾಲೆಯ ಮಾತನ್ನೇ ಹೇಳಿಬಿಡುವೆನು. ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರು ಆರು ಬಗೆಯವರೆಂದು ಎಣಿಸಲಾಗಿದೆ. ರಾಗವೆಳೆಯುವವನು, ಅವಸರಪಡುವವನು, ತಲೆಯಲ್ಲಾಡಿಸುವವನು, ಅರ್ಥವನ್ನರಿಯದವನು, ದನಿಯಿಲ್ಲದವನು, ಇವರ ಸಾಲಿನಲ್ಲಿಯೇ ಬರೆದದ್ದನ್ನು ನೋಡಿಕೊಂಡು ಓದುವವನನ್ನೂ ಕೂಡಿಸಲಾಗಿದೆ. ಅಂದರೆ ಆ ಆಚಾರ್ಯರ ದೃಷ್ಟಿಯಲ್ಲಿ ಪುಸ್ತಕವೇ ಒಂದು ಸಂಶಯಾಸ್ಪದವಾದ ಉಪಕರಣವಾಗಿದ್ದಿತು! ಗುರುಗಳು ಒಮ್ಮೆ ಅಂದರೆ ನಾವು ಎರಡು ಸಲ ಅನ್ನುವ ಕ್ರಮದಲ್ಲಿಯೇ ನಾನು ಮೊದಲ ಪಾಠಗಳನ್ನು ಕಲಿತದ್ದು. ಪುಸ್ತಕವು ಕೈಗೆ ಬಂದದ್ದು ಬಹಳ ತಡವಾಗಿ. ಆದರೆ ಅದೇ ಗುರುಗಳ ಮನೆಯಲ್ಲಿ ತಾಳೆಗರಿಯ ಕಟ್ಟುಗಳೂ ಇದ್ದವು, ಮುಂಬಯಿಯಲ್ಲಿ ಅಚ್ಚಾದ ಗ್ರಂಥಗಳೂ ಇದ್ದವು, ಅವುಗಳನ್ನು ಅವರು ಮಡಿಯಲ್ಲಿ ಮುಟ್ಟುತ್ತಿದ್ದರು. ಓದುವವನು ಗ್ರಂಥದ ಮೇಲೆ ಒರಗಿ ನಿದ್ರಿಸಬಾರದೆಂಬುದಷ್ಟೇ ಆ ನಿಷೇಧದ ತಾತ್ಪರ್ಯವೆಂದು ನಾನು ತಿಳಿದಿರುವೆನು. ಲಿಪಿಯನ್ನು ಅರಗಿಸಿಕೊಂಡ ಪರಂಪರೆಯು ಪರದೆಗೆ ಹೆದರಬೇಕಾದ ಕಾರಣವಿಲ್ಲ. ಅರಗಿಸಿಕೊಳ್ಳುವ ಬಗೆಯನ್ನು ಮಾತ್ರ ವಿಚಾರಿಸಬೇಕು.

ಈ ವಿಚಾರದಲ್ಲಿ ನಮ್ಮ ಜಿಲ್ಲೆಗೆ ಹಳೆಯ ಅನುಭವವಿರುವದೆಂಬುದನ್ನು ನಮ್ಮವರೇ ಮರೆತಂತಿದೆ. 1975ನೆಯ ಇಸವಿಯ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಭಾರತ ಸರಕಾರವು ಅಮೇರಿಕೆಯಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಕಡವಾಗಿ ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ನಿನ ಮೂಲಕ ಪಾಠ ಹೇಳುವ ಪ್ರಯೋಗವನ್ನು ನಡೆಸಿತು. ಸೈಟ್ ಎಂಬುದು ಅದರ ಹೆಸರು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಪ್ರದೇಶವು ಬೆಂಗಳೂರಲ್ಲ, ಮೈಸೂರಲ್ಲ; ನಮ್ಮ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳು. ರಾಜಧಾನಿಯ ಜನರು ಟೆಲಿವಿಷನ್ನನ್ನು ತಮ್ಮ ಮನೆಯಲ್ಲಿ ಕಾಣುವದಕ್ಕಿಂತ ಅನೇಕ ವರ್ಷಗಳ ಮೊದಲೇ ಭೀಮಾ ತೀರದ ಒಕ್ಕಲು ಮಕ್ಕಳು ಅದನ್ನು ಶಾಲೆಯ ಪಡಸಾಲೆಯಲ್ಲಿ ನೋಡಿದರು. ಛಾವಣಿಯ ಮೇಲೆ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ದೊಡ್ಡ ಬೋಗುಣಿಯಂಥ ಗ್ರಾಹಕ; ಒಳಗೆ ಕಪ್ಪುಬಿಳುಪಿನ ಪೆಟ್ಟಿಗೆ. ಮುಂಜಾನೆ ಶಾಲೆಯ ಮಕ್ಕಳಿಗೆ ಪ್ರತಿಯೊಂದು ಭಾಷೆಯಲ್ಲಿ ಇಪ್ಪತ್ತೆರಡೂವರೆ ನಿಮಿಷ, ಸಾಯಂಕಾಲ ಊರವರಿಗಾಗಿ ಒಕ್ಕಲುತನ, ಆರೋಗ್ಯ ಮುಂತಾದ ವಿಷಯಗಳು. ಚಿತ್ರವೊಂದಕ್ಕೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲತೆ ಆ ಉಪಗ್ರಹದಲ್ಲಿದ್ದುದರಿಂದ ಒಂದೇ ಚಿತ್ರವು ಅತ್ತ ತೆಲುಗಿನಲ್ಲಿಯೂ ಇತ್ತ ಕನ್ನಡದಲ್ಲಿಯೂ ಮಾತನಾಡುತ್ತಿದ್ದಿತು.

ನಾನು ಆಗ ಹದಿಮೂರು ವರ್ಷದ ಹುಡುಗ. ಜ್ವರದಿಂದ ಎದ್ದು, ಪಾಠಶಾಲೆಗೆ ಹೋಗದೆ, ಸೋದರಮಾವನ ಊರಿನಲ್ಲಿ ಒಂದು ತಿಂಗಳು ಉಳಿದಿದ್ದೆನು. ಆ ಊರಿನ ಶಾಲೆಯಲ್ಲಿ ಈ ಪೆಟ್ಟಿಗೆ ಇದ್ದಿತು, ಅದರ ಕೀಲಿಕೈ ಮಾಸ್ತರರ ಜನಿವಾರದಲ್ಲಿ ಇದ್ದಿತು. ಅವರ ಪದ್ಧತಿ ಹೀಗೆ: ಪ್ರಸಾರಕ್ಕೆ ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಹಾಕುವರು. ನೀರಿನಲ್ಲಿ ಕಲ್ಲು ಹಗುರಾಗುವದೇಕೆ? ಯಾರಿಗೆ ತೋಚಿದ್ದನ್ನು ಅವರು ಹೇಳಬೇಕು. ಬಳಿಕ ಪೆಟ್ಟಿಗೆಯ ಬೀಗ ತೆಗೆಯುವರು. ಕಾರ್ಯಕ್ರಮ ಮುಗಿದ ಕ್ಷಣವೇ ಬೀಗ ಹಾಕಿ, ಮುಂದೆ ಬರುವ ತೆಲುಗಿನ ಚಿತ್ರವನ್ನು ನೋಡಬೇಕೆಂದು ಅಳುವವರನ್ನೂ ಎಬ್ಬಿಸಿಕೊಂಡು ಬಾವಿಯ ಕಡೆಗೆ ನಡೆದುಬಿಡುವರು. ಬಾವಿಯಲ್ಲಿ ಹಗ್ಗಕ್ಕೆ ಕಟ್ಟಿದ ಕಲ್ಲನ್ನು ಇಳಿಸಿ ಪ್ರತಿಯೊಬ್ಬನ ಕೈಗೂ ಹಗ್ಗ ಕೊಡುವರು. ಎರಡು ಹರದಾರಿ ದೂರದ ಮತ್ತೊಂದು ಊರಿನ ಶಾಲೆಯಲ್ಲಿಯೂ ಇಂಥದೇ ಪೆಟ್ಟಿಗೆ ಇದ್ದಿತಂತೆ. ಅಲ್ಲಿಯ ಮಾಸ್ತರರು ಪೆಟ್ಟಿಗೆ ತೆರೆದು ಮಕ್ಕಳನ್ನು ಅದರ ಮುಂದೆ ಕೂಡಿಸಿ ತಾವು ಹೊಲಕ್ಕೆ ಹೋಗುತ್ತಿದ್ದರೆಂದು ನಮ್ಮ ಮಾವ ನಗುತ್ತ ಹೇಳುತ್ತಿದ್ದನು.

1976ರ ಆಗಸ್ಟಿನಲ್ಲಿ ಆಕಾಶವು ಮೌನವಾಯಿತು; ಉಪಗ್ರಹವನ್ನು ಅದರ ಒಡೆಯರು ಮರಳಿ ಒಯ್ದರು. ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರವು ಬಂದು ಸುತ್ತಲಿನ ಕೆಲವು ಪೆಟ್ಟಿಗೆಗಳು ಮತ್ತೆ ಮಾತನಾಡಿದವು. ದೂರದವು ಧೂಳು ಹಿಡಿದವು. ಎರಡು ಹರದಾರಿ ದೂರದ ಆ ಊರಿನಲ್ಲಿ ಪೆಟ್ಟಿಗೆಯೊಡನೆ ಪಾಠವೂ ಹೋಯಿತು. ಬಾವಿಯ ಮಾಸ್ತರರು ಮಾತ್ರ ಪೆಟ್ಟಿಗೆಯಿಲ್ಲದೆಯೂ ಮುಂಜಾನೆ ಪ್ರಶ್ನೆ ಹಾಕಿ ಮಕ್ಕಳನ್ನು ಹೊರಗೆ ಕರೆದೊಯ್ಯುವದನ್ನು ಬಿಡಲಿಲ್ಲ. ಆ ಊರಿನ ಹುಡುಗರಲ್ಲಿ ಕೆಲವರು ಮುಂದೆ ನನಗೆ ಸಹೋದ್ಯೋಗಿಗಳಾಗಿ ಬಂದರು, ಎಲ್ಲರೂ ವಿಜ್ಞಾನದ ಮಾಸ್ತರರಾಗಿಯೇ!

ನಾನು ಕೆಲಸಕ್ಕೆ ಸೇರಿದ ಬಳಿಕ ಕಂಡ ಯಂತ್ರಗಳ ಮೆರವಣಿಗೆಯನ್ನು ವಿಸ್ತರಿಸಿ ಹೇಳಬೇಕಾದ್ದಿಲ್ಲ. ರೇಡಿಯೋ ಬಂದಿತು, ಕ್ಯಾಸೆಟ್ಟು ಬಂದಿತು, ಬೀಗ ಹಾಕಿದ ಕೋಣೆಯಲ್ಲಿ ಹೊದಿಕೆ ಹೊದ್ದ ಕಂಪ್ಯೂಟರುಗಳು ಬಂದವು. 2004ರ ಸಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹವು ಮೇಲೇರಿತು. ನಮ್ಮ ರಾಜ್ಯದಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠವನ್ನು ಕೇಳಿದವು. 2010ರಲ್ಲಿ ಅದರ ಆಯುಷ್ಯವೂ ತೀರಿತು. 2017ರಲ್ಲಿ ಕೇಂದ್ರ ಸರಕಾರದ ದೀಕ್ಷಾ ಜಾಲತಾಣವು ಹುಟ್ಟಿ, ನಮ್ಮ ಪಠ್ಯಪುಸ್ತಕಗಳ ಪುಟಗಳಲ್ಲಿ ಕಪ್ಪುಚುಕ್ಕೆಗಳ ಚೌಕದ ಗುರುತುಗಳು ಕಾಣಿಸಿಕೊಂಡವು. ಮೊಬೈಲನ್ನು ಅದರ ಮೇಲೆ ಹಿಡಿದರೆ ಪಾಠದ ಚಿತ್ರ ತೆರೆಯುವದು. ಈ ಯಾವವುಗಳನ್ನೂ ನಾನು ಹೀಗಳೆಯಲಾರೆನು. ಹೃದಯವು ರಕ್ತವನ್ನು ಒತ್ತುವ ಬಗೆಯನ್ನು ನಲವತ್ತು ವರ್ಷ ಖಡುವಿನಿಂದ ಬರೆದು ತೋರಿಸಿದರೂ ತಿಳಿಯದವರಿಗೆ ಎರಡು ನಿಮಿಷದ ಚಲಿಸುವ ಚಿತ್ರವು ತಿಳಿಸುವದನ್ನು ಕಣ್ಣಾರೆ ಕಂಡಿರುವೆನು.

ಆದರೆ ಸೈಟಿನ ಪೆಟ್ಟಿಗೆಗೂ ಈಗಿನ ಪರದೆಗೂ ಒಂದು ದೊಡ್ಡ ಅಂತರವಿದೆ. ಆ ಪೆಟ್ಟಿಗೆಯು ಮಗುವಿಗೆ ತೋರಿಸುತ್ತಿತ್ತೇ ಹೊರತು ಮಗುವನ್ನು ನೋಡುತ್ತಿರಲಿಲ್ಲ. ಈಗಿನದು ನೋಡುವದು, ಬರೆದಿಟ್ಟುಕೊಳ್ಳುವದು, ದೂರದವರಿಗೆ ಹೇಳುವದು. ಹೆಸರು, ಊರು, ತಂದೆಯ ದೂರವಾಣಿ ಸಂಖ್ಯೆ, ಭಾವಚಿತ್ರ, ಯಾವ ಪಾಠದಲ್ಲಿ ಎಷ್ಟು ಹೊತ್ತು ನಿಂತ, ಯಾವುದನ್ನು ಬಿಟ್ಟು ಯಾವುದಕ್ಕೆ ಹಾರಿದ, ಇವೆಲ್ಲವೂ ಅದರ ಆಹಾರ. ಪೆಟ್ಟಿಗೆಗೆ ಬೀಗವಿದ್ದಿತು, ಕೀಲಿಕೈ ಒಬ್ಬರ ಬಳಿಯಲ್ಲಿದ್ದಿತು. ಏನಾದರೂ ಅನರ್ಥವಾದರೆ ಊರು ಅವರನ್ನು ಕೇಳಬಹುದಾಗಿತ್ತು. ಈಗ ಕೀಲಿಕೈ ಯಾರ ಬಳಿಯಲ್ಲಿರುವದೆಂದು ಕೇಳಿದರೆ ಮುಖ್ಯೋಪಾಧ್ಯಾಯರು ಇಲಾಖೆಯ ಕಡೆಗೂ, ಇಲಾಖೆಯವರು ಕಂಪನಿಯ ಕಡೆಗೂ ಬೆರಳು ತೋರಿಸುವರು. ಯುನೆಸ್ಕೋ ಸಂಸ್ಥೆಯು ಶಾಲೆಗಳಲ್ಲಿಯ ತಂತ್ರಜ್ಞಾನದ ಕುರಿತು 2023ರಲ್ಲಿ ಹೊರಡಿಸಿದ ಜಾಗತಿಕ ವರದಿಯು, ಈ ಉಪಕರಣವು ಯಾರ ಷರತ್ತುಗಳಂತೆ ನಡೆಯತಕ್ಕದ್ದೆಂಬ ಪ್ರಶ್ನೆಯನ್ನು ತನ್ನ ಶಿರೋನಾಮೆಯಲ್ಲಿಯೇ ಇಟ್ಟುಕೊಂಡಿದೆ. ಪ್ಯಾರಿಸ್ಸಿನಲ್ಲಿ ಕುಳಿತವರಿಗೂ ಕೀಲಿಕೈಯ ಚಿಂತೆಯೇ ಹತ್ತಿದೆಯೆಂದು ನನಗೆ ಆಗ ಸಮಾಧಾನವಾಯಿತು.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಒಂದು ಸಂಗತಿಯನ್ನು ಹೇಳಬೇಕಾಗಿದೆ. 2020ರ ಮಾರ್ಚಿನಲ್ಲಿ ಮಹಾವ್ಯಾಧಿಯಿಂದಾಗಿ ಶಾಲೆಗಳು ಮುಚ್ಚಿದವು. ಅದೇ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಪಾಠಗಳು ಬರತೊಡಗಿದವು. ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆಯಂತೆ ನಾವು ಗುಡಿಯ ಪೌಳಿಯಲ್ಲಿಯೂ ಗಿಡದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿ ಪಾಠ ಹೇಳಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಉಳಿದದ್ದು ಮೊಬೈಲೊಂದೇ. ತೊಗರಿ ಮಾರಿದ ಹಣದಲ್ಲಿ ಮೊಬೈಲು ಕೊಂಡ ತಂದೆಗಳು ಎಷ್ಟೋ ಜನ. ಮನೆಗೆ ಒಂದೇ ಮೊಬೈಲು ಬಂದಲ್ಲಿ ಅದು ಮಗನ ಕೈಗೆ ಹೋಯಿತು, ಮಗಳು ಅವನ ಹೆಗಲ ಹಿಂದೆ ನಿಂತು ಇಣಿಕಿದಳು. ಇದನ್ನು ನಾನು ಮನೆಮನೆಗೆ ಹೋಗಿ ಕಂಡೆನು.

ಒಂದು ಶಾಲೆಯಲ್ಲಿ, ಊರಿನ ಹೆಸರು ಬೇಡ, ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಬಹಳ ಇಂಪಾಗಿ ಪದ್ಯ ಓದುತ್ತಿದ್ದಳು. ಆಕೆಯ ವಾಚನದ ಚಲಚ್ಚಿತ್ರವನ್ನು ಶಾಲೆಯ ಗುಂಪಿನಲ್ಲಿ ಹಾಕಿದರು. ಕೆಳಗೆ ಹೆಸರು, ಇಯತ್ತೆ, ಊರು. ಹಾಕಿದವರ ಉದ್ದೇಶವು ಮೆಚ್ಚುಗೆಯೇ. ಆ ಗುಂಪಿನಲ್ಲಿ ಇನ್ನೂರಕ್ಕೂ ಮಿಕ್ಕಿದ ಸಂಖ್ಯೆಗಳಿದ್ದವು. ಅವುಗಳಲ್ಲಿ ಎಷ್ಟು ತಂದೆಯರವು, ಎಷ್ಟು ಅಣ್ಣತಮ್ಮಂದಿರವು, ಎಷ್ಟು ಅವರ ಗೆಳೆಯರವು ಎಂದು ನೋಡಿದವರು ಯಾರು? ನಾಲ್ಕು ದಿನಗಳಲ್ಲಿ ಆಕೆಯ ಮುಖವನ್ನು ಬೇರೊಂದು ಚಿತ್ರಕ್ಕೆ ಅಂಟಿಸಿ ಯಾರೋ ಊರೆಲ್ಲ ಹರಡಿದರು. ಆರನೆಯ ದಿನ ತಂದೆಯು ಆಕೆಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದನು.

ಮುಖ್ಯೋಪಾಧ್ಯಾಯಿನಿಯವರ ಕೋರಿಕೆಯ ಮೇಲೆ ನಾನೂ ಅವರ ಸಂಗಡ ಆ ಮನೆಗೆ ಹೋದೆನು. ಆತನು ಒಳ್ಳೆಯ ಮನುಷ್ಯ. ನಮಗೆ ಚಹಾ ಕೊಡಿಸಿದನು. "ಮಾಸ್ತರ್ರೇ, ನಿಮ್ಮ ಮಾತಿಗಿ ನಾ ಇಲ್ಲ ಅನ್ನಂಗಿಲ್ಲ. ಪೋರಿದು ಏನೂ ತಪ್ಪಿಲ್ಲ ಅಂತ ನನಗೂ ಗೊತ್ತದರಿ. ಆದ್ರ ಊರ ಮಂದಿ ಬಾಯಿ ಯಾರು ಮುಚ್ಚಬೇಕು?" ಎಂದನು. ಆಕೆ ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ನಾವು ಮೂರು ಸಲ ಹೋದ ಮೇಲೆ, ಆಕೆಯ ಅಜ್ಜಿಯು ನಮ್ಮ ಪಕ್ಷ ವಹಿಸಿದ ಮೇಲೆ, ಹುಡುಗಿ ಶಾಲೆಗೆ ಮರಳಿದಳು. ಹತ್ತನೆಯ ಇಯತ್ತೆಯಲ್ಲಿ ಉತ್ತೀರ್ಣಳೂ ಆದಳು. ಆದರೆ ಅದರ ಬಳಿಕ ಆಕೆ ಸಭೆಯಲ್ಲಿ ಪದ್ಯ ಓದಲಿಲ್ಲ. ಆಕೆಯ ತಂಗಿಯನ್ನು ಏಳನೆಯ ಇಯತ್ತೆಗೇ ಬಿಡಿಸಿದರು, ಅಲ್ಲಿ ನಮ್ಮ ಮಾತು ನಡೆಯಲಿಲ್ಲ. ಚಿತ್ರವನ್ನು ಹರಡಿದ ಹುಡುಗರ ಕೈಯಿಂದ ಮೊಬೈಲನ್ನು ಯಾರೂ ಕಸಿದುಕೊಳ್ಳಲಿಲ್ಲವೆಂಬುದನ್ನೂ ಇಲ್ಲಿಯೇ ಬರೆಯುವೆನು.

ನಗರದ ಪಂಡಿತರು ಸುರಕ್ಷತೆಯ ವಿಷಯವಾಗಿ ಬರೆಯುವಾಗ ಕಣ್ಣಿನ ನೋವು, ನಿದ್ರಾಭಂಗ, ಹಣದ ಮೋಸ ಇವುಗಳನ್ನೇ ಮುಂದೆ ಮಾಡುವರು. ಅವು ಸುಳ್ಳಲ್ಲ. ಆದರೆ ನಮ್ಮ ಕಡೆಯಲ್ಲಿ ಯಂತ್ರದ ಒಂದು ತಪ್ಪಿಗೆ ತೆರಬೇಕಾದ ದಂಡವೆಂದರೆ ಹೆಣ್ಣುಮಗುವಿನ ಶಾಲೆ. ಅದನ್ನು ಕಟ್ಟುವವಳೂ ತಪ್ಪು ಮಾಡದವಳೇ. ಆದುದರಿಂದ ಹೆಣ್ಣುಮಕ್ಕಳಿಗೆ ಯಂತ್ರ ಬೇಡವೆನ್ನುವವರ ಮಾತನ್ನು ನಾನು ಒಪ್ಪಲಾರೆನು; ಅದು ದಂಡವನ್ನು ಮುಂಗಡವಾಗಿ ವಸೂಲು ಮಾಡಿದಂತಾಗುವದು.

ಆ ಪ್ರಸಂಗದ ಬಳಿಕ ಆ ಶಾಲೆಯವರು ಮಾಡಿಕೊಂಡ ಏರ್ಪಾಡುಗಳು ಬಹಳ ಸಾದಾ ಆದವು, ಒಂದು ಪೈಸೆಯ ಖರ್ಚಿಲ್ಲದವು. ಶಾಲೆಯ ಗುಂಪಿನಲ್ಲಿ ಉಪಾಧ್ಯಾಯರು ಮಾತ್ರ ಬರೆಯಬಹುದು, ಸಂಖ್ಯೆಗಳನ್ನು ವರ್ಷಕ್ಕೆ ಎರಡು ಸಲ ಹಾಜರಿ ಪುಸ್ತಕದೊಡನೆ ಹೋಲಿಸಿ ಅಪರಿಚಿತರನ್ನು ತೆಗೆದುಹಾಕಬೇಕು. ಮಗುವಿನ ಮುಖವಿದ್ದಲ್ಲಿ ಹೆಸರಿರಬಾರದು, ಹೆಸರಿದ್ದಲ್ಲಿ ಮುಖವಿರಬಾರದು. ಬಹುಮಾನ ಸಮಾರಂಭದ ಚಿತ್ರವಾದರೂ ಸರಿಯೇ. ತಂದೆತಾಯಿಗಳನ್ನು ಕರೆಸಿ, ಕಾಗದವನ್ನು ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಚಿತ್ರ ತೆಗೆಯುವದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯದೆಯು ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಿಕೊಳ್ಳುವವರು ತಂದೆತಾಯಿಗಳ ಸಮ್ಮತಿಯನ್ನು ಪಡೆಯಬೇಕೆಂದು ವಿಧಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರತಕ್ಕವು. ಹೆಬ್ಬೆಟ್ಟು ಒತ್ತುವ ತಾಯಿಗೆ ಇಂಗ್ಲಿಷಿನಲ್ಲಿ ಬರೆದ ಹತ್ತು ಪುಟಗಳ ಸಮ್ಮತಿಪತ್ರವನ್ನು ಮುಂದೆ ಮಾಡಿದರೆ ಅದು ಸಮ್ಮತಿ ಹೇಗಾದೀತೆಂಬುದನ್ನು ಕಾಯದೆ ಮಾಡಿದವರಿಗಿಂತ ಹಳ್ಳಿಯ ಮಾಸ್ತರನು ಹೆಚ್ಚು ಬಲ್ಲನು. ಅನರ್ಥವಾದಾಗ ದೂರು ಕೊಡಲು 1930 ಎಂಬ ಸೈಬರ್ ಅಪರಾಧದ ಸಂಖ್ಯೆಯೂ, ಮಕ್ಕಳ ರಕ್ಷಣೆಗೆ 1098 ಎಂಬ ಸಂಖ್ಯೆಯೂ ಇವೆ. ಇವುಗಳನ್ನು ಕಚೇರಿಯ ಗೋಡೆಯ ಮೇಲಲ್ಲ, ಹೆಣ್ಣುಮಕ್ಕಳು ಕೂಡುವ ಕೋಣೆಯ ಒಳಬಾಗಿಲಿನ ಮೇಲೆ ಬರೆಯಿಸಿದ್ದು ಆ ಮುಖ್ಯೋಪಾಧ್ಯಾಯಿನಿಯವರ ಜಾಣತನ.

ಇನ್ನು ಪಾಠದ ಪ್ರಯೋಜನದ ಮಾತು. ತರಗತಿಯಲ್ಲಿ ಜಾಲವನ್ನು ನೇರವಾಗಿ ತೆರೆದಿಡುವದಕ್ಕಿಂತ, ಬೇಕಾದ ಚಿತ್ರವನ್ನು ಮನೆಯಲ್ಲಿ ಮೊದಲೇ ಪೂರ್ತಿಯಾಗಿ ನೋಡಿ, ಇಳಿಸಿಕೊಂಡು ಬಂದು ತೋರಿಸುವದು ಸಾವಿರ ಪಾಲು ಮೇಲು. ಹಾಗೆ ಮಾಡಿದರೆ ನಡುವೆ ಜಾಹೀರಾತು ನುಗ್ಗುವದಿಲ್ಲ, ಒಂದು ಮುಗಿದೊಡನೆ ಮತ್ತೊಂದು ತಾನಾಗಿ ಓಡುವದಿಲ್ಲ, ನಮ್ಮ ಕಡೆಯ ವಿದ್ಯುತ್ತಿನ ಕಣ್ಣುಮುಚ್ಚಾಲೆಗೂ ಅಂಜಬೇಕಾದ್ದಿಲ್ಲ. ಮಾಸ್ತರರ ಸ್ವಂತ ಮೊಬೈಲನ್ನು ದೊಡ್ಡ ಪರದೆಗೆ ಜೋಡಿಸುವದಂತೂ ಬೇಡವೇ ಬೇಡ; ಮೇಘನಾದನ ಪ್ರಸಂಗದ ನಡುವೆ ಬೀಗರ ಸಂದೇಶವು ಪರದೆಯ ಮೇಲೆ ಇಳಿದು ತರಗತಿಯೆಲ್ಲ ನಕ್ಕದ್ದನ್ನು ನಾನು ಬಲ್ಲೆನು. ಮೇಲಾಗಿ, ಚಿತ್ರವನ್ನು ನಡುನಡುವೆ ನಿಲ್ಲಿಸಬೇಕು. ನಿಲ್ಲಿಸಿ, ಮುಂದೇನಾದೀತೆಂದು ಕೇಳಬೇಕು. ನಿಲ್ಲದೆ ಓಡುವ ಚಿತ್ರದ ಮುಂದೆ ಮಗುವು ಕಣ್ಣು ತೆರೆದುಕೊಂಡು ಕುಳಿತಿದ್ದರೂ ಒಳಗೆ ಏನು ನಡೆದಿರುವದೆಂದು ಬಲ್ಲವರಾರು?

ಆಕಾಶದಿಂದ ತೆಗೆದ ಭೂಪಟವೊಂದನ್ನು ಭೂಗೋಲದ ತಾಸಿನಲ್ಲಿ ತೆರೆದ ದಿನದ ನೆನಪಾಗುವದು. ಮೊದಲು ಭೀಮೆಯನ್ನು ಹುಡುಕಿದರು, ಬಳಿಕ ಜೇವರ್ಗಿಯನ್ನು, ಬಳಿಕ ತಮ್ಮ ತಮ್ಮ ಓಣಿಯನ್ನು. ಒಬ್ಬನು ತನ್ನ ಹೊಲದ ನಡುವಿನ ಬೇವಿನ ಗಿಡವನ್ನು ಗುರುತಿಸಿ, "ಸರ್, ಇದು ನಮ್ಮ ಗಿಡ! ಹೋದ ವರ್ಷ ಕಡದಾರ್ರಿ!" ಎಂದು ಕೂಗಿದನು. ಕಡಿದ ಗಿಡವು ಚಿತ್ರದಲ್ಲಿ ಇನ್ನೂ ನಿಂತಿರುವದೇಕೆಂಬ ಚರ್ಚೆಯು ಎರಡು ತಾಸು ನಡೆಯಿತು. ಯಂತ್ರವು ತೋರಿಸುವದು ಈಗಿನದಲ್ಲ, ಯಾವಾಗಲೋ ತೆಗೆದದ್ದು. ಅದನ್ನು ನಂಬುವ ಮೊದಲು ದಿನಾಂಕವನ್ನು ಕೇಳಬೇಕು. ಇಷ್ಟನ್ನು ಅವರು ನನ್ನ ಉಪದೇಶವಿಲ್ಲದೆ ತಾವೇ ಕಂಡುಕೊಂಡರು.

ಈಚೆಗೆ ಕೃತಕ ಬುದ್ಧಿಮತ್ತೆಯೆಂಬುದು ಬಂದಿದೆ. ಮಳೆಗಾಲದ ಮೇಲೆ ನಿಬಂಧ ಬರೆದುಕೊಡೆಂದರೆ ಕ್ಷಣಾರ್ಧದಲ್ಲಿ ಬರೆದುಕೊಡುವದು, ಅದೂ ತಕ್ಕಮಟ್ಟಿಗೆ ಶುದ್ಧವಾದ ಕನ್ನಡದಲ್ಲಿ. ಕಿರಿಯ ಮಿತ್ರರೊಬ್ಬರು, "ಇನ್ನು ಮನೆಪಾಠಕ್ಕೆ ಅರ್ಥವೇನು ಉಳಿಯಿತು?" ಎಂದು ತಲೆಗೆ ಕೈಹಚ್ಚಿ ಕುಳಿತರು. ನಾನು ಅವರಿಗೆ ಮಿಥಿಲೆಯ ಶಲಾಕಾ ಪರೀಕ್ಷೆಯನ್ನು ನೆನಪಿಸಿದೆನು. ಅಲ್ಲಿ ವಿದ್ಯಾರ್ಥಿಯ ಗ್ರಂಥದ ಕಟ್ಟಿಗೆ ಸೂಜಿಯಂಥ ಶಲಾಕೆಯನ್ನು ಚುಚ್ಚುವರು. ಅದು ಯಾವ ಗರಿಯ ಮೇಲೆ ನಿಲ್ಲುವದೋ ಆ ಗರಿಯ ವಿಷಯವನ್ನು ಅವನು ಅಲ್ಲಿಯೇ ವಿವರಿಸಬೇಕು. ಗ್ರಂಥವನ್ನು ಯಾರು ಬರೆದರೆಂಬ ಪ್ರಶ್ನೆಯೇ ಅಲ್ಲಿಲ್ಲ, ತಿಳಿದಿರುವೆಯಾ ಎಂಬುದೊಂದೇ ಪ್ರಶ್ನೆ. ಮಿತ್ರರು ಈಗ ಮಕ್ಕಳು ತಂದ ನಿಬಂಧದಲ್ಲಿ ಕಣ್ಣು ಮುಚ್ಚಿ ಒಂದು ವಾಕ್ಯದ ಮೇಲೆ ಬೆರಳಿಟ್ಟು, "ಇದನ್ನ ನಿನ್ನ ಮಾತಿನಾಗ ಹೇಳು" ಎನ್ನುವರಂತೆ. ಮೊದಲ ವಾರ ಅರ್ಧ ತರಗತಿ ಮೌನವಾಗಿ ನಿಂತಿತಂತೆ. ಒಂದು ತಿಂಗಳಲ್ಲಿ ಕೆಲವರು ಯಂತ್ರವು ಬರೆದುದರಲ್ಲಿಯ ತಪ್ಪುಗಳನ್ನು ಹುಡುಕಿ ತರತೊಡಗಿದರು. ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಭತ್ತದ ನಾಟಿ ನಡೆಯುವದೆಂದು ಅದು ಬರೆದಿತ್ತಂತೆ. ತೊಗರಿಯ ನೆಲದ ಹುಡುಗರು ಬಿದ್ದುಬಿದ್ದು ನಕ್ಕರಂತೆ.

ಈ ಭತ್ತದ ಮಾತಿನಿಂದ ಹುಟ್ಟಿದ ಒಂದು ಕೆಲಸವು ಈಗ ನಡೆದಿದೆ. ಯಂತ್ರಕ್ಕೆ ನಮ್ಮ ನೆಲದ ಮಾತು ಗೊತ್ತಿಲ್ಲವಾದರೆ ನಾವೇ ಕೂಡಿಸಿಡೋಣವೆಂದು ಎಂಟನೆಯ ಇಯತ್ತೆಯ ಮಕ್ಕಳು ಶಾಲೆಯ ಮೊಬೈಲನ್ನು ತೆಗೆದುಕೊಂಡು, ಮಾಸ್ತರರ ಸಂಗಡ, ಹಿರಿಯರ ಬಳಿಗೆ ಹೋಗಿ ಒಕ್ಕಲುತನದ ಶಬ್ದಗಳನ್ನು ಧ್ವನಿಮುದ್ರಿಸುತ್ತಿರುವರು. ರಂಟೆ, ಕುಂಟೆ, ಕೂರಿಗೆ, ಹಗೇವು ಎಂದು ಮೊದಲಾಗಿ ಒಂದೊಂದು ಉಪಕರಣದ ಭಾಗಭಾಗಗಳ ಹೆಸರುಗಳೂ ಅದರಲ್ಲಿ ಸೇರಿವೆ. ಮೊನ್ನೆ ಅವರು ನಮ್ಮ ಓಣಿಯ ಮುದುಕಿಯೊಬ್ಬಳ ಬಳಿಗೆ ಹೋದಾಗ ನಾನೂ ಅಲ್ಲಿದ್ದೆನು. ಆಕೆ ಮೊಬೈಲಿನ ಕಡೆಗೆ ಒಮ್ಮೆ ನೋಡಿ, "ತಮ್ಮಾ, ನನ್ನ ದನಿ ಇದರಾಗಿಂದ ಎಲ್ಲೆಲ್ಲಿ ಹೋಗ್ತದ?" ಎಂದು ಕೇಳಿದಳು. ಹುಡುಗನು ಉತ್ತರ ತಿಳಿಯದೆ ಮಾಸ್ತರರ ಮುಖ ನೋಡಿದನು. ಮಾಸ್ತರರು, "ಸಾಲ್ಯಾಗೇ ಇರ್ತದವ್ವ. ಹೊರಗ ಕಳಿಸೂದಾದ್ರ ಮತ್ತ ನಿನಗ ಕೇಳಿನೇ ಕಳಸ್ತೀವಿ" ಎಂದರು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಸೆರಗು ಸರಿಮಾಡಿಕೊಂಡು, ಹಗೇವು ತೆಗೆಯುವ ಬಗೆಯನ್ನು ಮೊದಲಿನಿಂದ ಹೇಳಲಾರಂಭಿಸಿದಳು.